ಕಲ್ಲಿದ್ದಲಿನ ಅನಿಲೀಕರಣ

ಕಲ್ಲಿದ್ದಲು, ಕಟ್ಟಿಗೆ, ಇದ್ದಿಲು, ಪೆಟ್ರೋಲಿಯಂ ಕೋಕ್ ಮೊದಲಾದ ಇಂಗಾಲಯುಕ್ತ ವಸ್ತುಗಳನ್ನು ಪೂರ್ಣವಾಗಿ ಉರಿಯಗೊಡದೆ, ಮಿತವಾದ ಆಮ್ಲಜನಕ ಹಾಗೂ ಹಬೆಯೊಡನೆ ಅಧಿಕ ಉಷ್ಣತೆಯಲ್ಲಿ ವರ್ತಿಸುವಂತೆ ಮಾಡಿ ಅನಿಲವಾಗಿ ಪರಿವರ್ತಿಸುವ ವಿಧಾನವೇ ಅನಿಲೀಕರಣ. ಹೀಗೆ ದೊರೆಯುವ ಸಂಶ್ಲೇಷಣ ಅನಿಲಕ್ಕೆ ಸಿನ್‌ಗ್ಯಾಸ್ ಎಂಬ ಹೆಸರು ರೂಢಿಯಲ್ಲಿದೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಇದರ ಮುಖ್ಯ ಘಟಕಗಳು. ಅಮೋನಿಯ, ಮೆಥನಾಲ್, ಕೃತಕ ಡೀಸೆಲ್‌ಗಳ ತಯಾರಿಕೆಗೆ ಇದು ಮೂಲವಸ್ತು.

ಕ್ರಿಯೆಯ ಸ್ವರೂಪ

ಕಾಯಿಸಿದ ಕಲ್ಲಿದ್ದಲಿನಿಂದ ಮೊದಲು ತೇವಾಂಶವೂ ಅನಂತರ ಟಾರು ಮತ್ತು ಇತರ ಆವಿಗಳೂ ಹೊರಬೀಳುತ್ತವೆ. ಉಳಿದ ಕೆಂಡದಂಥ ಇಂಗಾಲದ ಮೇಲೆ ಹಬೆ ಹಾಯ್ದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಉಂಟಾಗುತ್ತವೆ. ಈ ಕ್ರಿಯೆ ಶಾಖವನ್ನು ಹೀರಿಕೊಳ್ಳುತ್ತದೆ (ಒಂದು ಮೋಲ್ ಇಂಗಾಲಕ್ಕೆ ಸುಮಾರು 131 ಕಿಲೋಜೌಲ್). ಆದ್ದರಿಂದ ಇಂಗಾಲದ ಒಂದು ಭಾಗವನ್ನು ಉರಿಸಿ ಆ ಶಾಖವನ್ನು ಒದಗಿಸಬೇಕಾಗುತ್ತದೆ. ಆಮ್ಲಜನಕ ಹೆಚ್ಚಾದರೆ ಇಂಧನ ಉರಿದು ವ್ಯರ್ಥವಾಗುತ್ತದೆ. ಹಬೆ ಹೆಚ್ಚಾದರೆ ಕುಲುಮೆ ತಣಿಯುತ್ತದೆ.

ಶುದ್ಧ ಆಮ್ಲಜನಕದ ಬದಲು ಗಾಳಿಯನ್ನು ಬಳಸಿದಲ್ಲಿ ದೊರೆಯುವ ಅನಿಲದಲ್ಲಿ ಸುಮಾರು ಅರ್ಧಭಾಗ ಸಾರಜನಕವೇ ಇರುತ್ತದೆ. ಇದು ಎಂಜಿನ್ ಓಡಿಸಲು ಸಾಕು, ಮೆಥನಾಲ್ ತಯಾರಿಕೆಗೆ ಒದಗದು. ಜಲಜನಕದ ಪ್ರಮಾಣ ಹೆಚ್ಚಬೇಕಾದರೆ ಕಾರ್ಬನ್ ಮಾನಾಕ್ಸೈಡನ್ನು ಮತ್ತೆ ಹಬೆಯೊಡನೆ ವರ್ತಿಸುವಂತೆ ಮಾಡುತ್ತಾರೆ.

ಇತಿಹಾಸ

1792ರಲ್ಲಿ ವಿಲಿಯಂ ಮರ್ಡಾಕ್ ಇಂಗ್ಲೆಂಡಿನ ರೆಡ್‌ರುತ್‌ನಲ್ಲಿ ತನ್ನ ಮನೆಯನ್ನು ಕಲ್ಲಿದ್ದಲ ಅನಿಲದಿಂದ ಬೆಳಗಿಸಿದನು. ಇದನ್ನೇ ಅನಿಲೀಕರಣದ ಆರಂಭವೆನ್ನುವುದು ವಾಡಿಕೆ. ವಾಸ್ತವವಾಗಿ ಅದು ಮುಚ್ಚಿದ ಪಾತ್ರೆಯಲ್ಲಿ ಕಲ್ಲಿದ್ದಲನ್ನು ಕಾಯಿಸಿ ಆವಿಯನ್ನು ಹಿಡಿಯುವ ಬೇರೆಯೇ ವಿಧಾನ. ಅದರಲ್ಲಿ ಇಂಗಾಲದ ಬಹುಭಾಗ ಕೋಕ್ ಆಗಿ ಉಳಿಯುತ್ತಿತ್ತು. ಆಧುನಿಕ ಕುಲುಮೆಗಳು 1920 ಮತ್ತು 1930ರ ದಶಕಗಳಲ್ಲಿ ಜರ್ಮನಿಯಲ್ಲಿ ರೂಪುಗೊಂಡವು. ದಕ್ಷಿಣ ಆಫ್ರಿಕದ ಸಾಸೋಲ್ ಸಂಸ್ಥೆ 1955ರಿಂದ ಕಲ್ಲಿದ್ದಲಿನಿಂದ ದ್ರವ ಇಂಧನವನ್ನು ಉತ್ಪಾದಿಸುತ್ತಿದೆ.

ಕುಲುಮೆಯ ಬಗೆಗಳು

ಸ್ಥಿರಪದರದ ಲೂರ್ಗಿ ಕುಲುಮೆಯಲ್ಲಿ ಕಲ್ಲಿದ್ದಲಿನ ಗಟ್ಟಿಗಳು ಮೇಲಿನಿಂದ ನಿಧಾನವಾಗಿ ಇಳಿಯುತ್ತವೆ. ಹಬೆ ಮತ್ತು ಆಮ್ಲಜನಕ ಕೆಳಗಿನಿಂದ ಏರುತ್ತವೆ. ಬೂದಿ ತಳದಿಂದ ಹೊರಬೀಳುತ್ತದೆ, ಆದರೆ ಅನಿಲದೊಡನೆ ಟಾರು ಬರುತ್ತದೆ. ವಿಂಕ್ಲರ್ ರೂಪಿಸಿದ ತೇಲುಪದರದ ಕುಲುಮೆಯಲ್ಲಿ ಸಣ್ಣ ಹರಳುಗಳು ಅನಿಲಪ್ರವಾಹದಲ್ಲಿ ಕುದಿಯುವ ನೀರಿನಂತೆ ಹೊರಳಾಡುತ್ತವೆ. ಮೂರನೆಯ ಬಗೆಯಲ್ಲಿ ನುಣ್ಣನೆಯ ಪುಡಿಯನ್ನು ಆಮ್ಲಜನಕದೊಡನೆ ಊದಲಾಗುತ್ತದೆ. ಅಲ್ಲಿಯ ಉಷ್ಣತೆ 1,300 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಟಾರು ಉಳಿಯುವುದಿಲ್ಲ. ಬೂದಿ ಕರಗಿ ಕಿಟ್ಟವಾಗಿ ಹರಿಯುತ್ತದೆ.

ಭಾರತದಲ್ಲಿ

ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇಕಡ 30ರಿಂದ 45. ಅಷ್ಟು ಬೂದಿಯನ್ನು ಕರಗಿಸಲು ವ್ಯಯವಾಗುವ ಶಾಖವೇ ದೊಡ್ಡ ನಷ್ಟ. ವಿದೇಶದ ಉತ್ತಮ ಕಲ್ಲಿದ್ದಲಿಗೆ ಹೊಂದಿದ ಯಂತ್ರವನ್ನು ಹಾಗೆಯೇ ತಂದು ನಿಲ್ಲಿಸಿದರೆ ಸಾಲದು ಎಂಬುದಕ್ಕೆ ತಾಲ್ಚೇರ್ ಮತ್ತು ರಾಮಗುಂಡಂ ರಸಗೊಬ್ಬರ ಕಾರ್ಖಾನೆಗಳು ನಿದರ್ಶನ. ಪುಡಿ ಊದುವ ವಿಧಾನದ ಈ ಎರಡೂ 1980ರಲ್ಲಿ ಉತ್ಪಾದನೆ ಆರಂಭಿಸಿ, ವಿದ್ಯುತ್ ಕೊರತೆಯೂ ಸೇರಿದಂತೆ ಹಲವು ತೊಡಕುಗಳಿಂದ 1999ರಲ್ಲಿ ಮುಚ್ಚಿದವು. ರಾಮಗುಂಡಂ ಮರಳಿ ಆರಂಭವಾದದ್ದು ನೈಸರ್ಗಿಕ ಅನಿಲದಿಂದ. ಒಡಿಶಾದ ಅಂಗುಲ್‌ನ ಉಕ್ಕಿನ ಕಾರ್ಖಾನೆ ಮಾತ್ರ ಸ್ಥಿರಪದರದ ಕುಲುಮೆಯಲ್ಲಿ ದೇಶೀಯ ಕಲ್ಲಿದ್ದಲನ್ನೇ ಬಳಸಿ ಕಬ್ಬಿಣದ ಅದಿರನ್ನು ಅಪಕರ್ಷಿಸುತ್ತಿದೆ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲೀಕರಿಸುವುದು ಕೇಂದ್ರ ಸರ್ಕಾರದ ಗುರಿ.

ಕಟ್ಟಿಗೆಯ ಅನಿಲ

ಎರಡನೆಯ ಮಹಾಯುದ್ಧದ ಕಾಲದ ಪೆಟ್ರೋಲ್ ಅಭಾವದಲ್ಲಿ ಮೈಸೂರು ಸಂಸ್ಥಾನದ ರಸ್ತೆಗಳಲ್ಲೂ ಇದ್ದಿಲ ಅನಿಲದ ಬಸ್ಸುಗಳು ಓಡುತ್ತಿದ್ದವು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕಟ್ಟಿಗೆಯ ಅನಿಲೀಕರಣದಲ್ಲಿ ಗಣನೀಯ ಕೆಲಸ ಮಾಡಿತು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಿಂದ ಹಲವು ವರ್ಷ ಇಂಥ ಘಟಕದ ವಿದ್ಯುತ್ತು ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿಗಳಿಗೆ ಒದಗಿತು.

ಶುದ್ಧೀಕರಣ ಮತ್ತು ಅಪಾಯಗಳು

ಅನಿಲದಲ್ಲಿರುವ ಗಂಧಕದ ಸಂಯುಕ್ತಗಳು ವೇಗವರ್ಧಕಗಳನ್ನು ಕೆಡಿಸುವುದರಿಂದ ಅವನ್ನು ಮೊದಲೇ ತೆಗೆಯಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಸೋರಿಕೆ ಪ್ರಾಣಾಂತಿಕ. ಜಲಜನಕದ ತಯಾರಿಕೆಯಲ್ಲಿ ಕಲ್ಲಿದ್ದಲು ನೈಸರ್ಗಿಕ ಅನಿಲಕ್ಕಿಂತ ಬಹಳ ಹೆಚ್ಚು ಕಾರ್ಬನ್ ಡೈಆಕ್ಸೈಡನ್ನು ಹೊರಬಿಡುತ್ತದೆ. ಅಮೆರಿಕದ ಉತ್ತರ ಡಕೋಟದ ಅನಿಲೀಕರಣ ಘಟಕವೊಂದು 2000ರಿಂದ ಅದನ್ನು ಕೊಳವೆಯ ಮೂಲಕ ಕೆನಡಾದ ವೇಬರ್ನ್ ತೈಲಕ್ಷೇತ್ರಕ್ಕೆ ಕಳುಹಿಸಿ ನೆಲದಾಳಕ್ಕೆ ಸೇರಿಸುವ ವ್ಯವಸ್ಥೆ ಮಾಡಿತು.