ಮೊದಲಕ್ಷರ ನುಂಗುವ ಸ್ಪೀಕರ್

ಕನ್ನಡದ ‘ಅಳಿಸು’ ಮತ್ತು ‘ಉಳಿಸು’ ಕ್ರಿಯಾಪದಗಳ ನಡುವೆ ಇರುವುದು ಒಂದೇ ಸ್ವರದ ವ್ಯತ್ಯಾಸ. ಅರ್ಥದಲ್ಲಿ ಮಾತ್ರ ಅಜಗಜಾಂತರ. ತಂತ್ರಾಂಶಗಳನ್ನು ಕನ್ನಡಕ್ಕೆ ತರುವಾಗ ಡಿಲೀಟ್‌ಗೂ ಸೇವ್‌ಗೂ ನಾವು ಅನುವಾದಕರು ಬಳಸುವುದು ಇವೇ ಪದಗಳನ್ನು. ಕಣ್ಣಲ್ಲಿ ಓದುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಪರದೆಯನ್ನು ಕಿವಿಯಿಂದ ಓದುವವರು, ಅಂದರೆ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿಹೀನರು, ಕಂಪ್ಯೂಟರಿಗೆ ವೈರ್‌ಲೆಸ್ ಸ್ಪೀಕರ್ ಜೋಡಿಸಿಕೊಂಡಾಗ ಎರಡು ಗುಂಡಿಗಳೂ ‘ಳಿಸು’ ಎಂದೇ ಕೇಳಿಸಬಹುದು. ಮೊದಲಕ್ಷರವನ್ನು ಸ್ಪೀಕರ್ ನುಂಗಿರುತ್ತದೆ.

ಇದು ಹಳೆಯ ಕಾಯಿಲೆಯಲ್ಲ. ಮಾತಾಡುವ ಕಂಪ್ಯೂಟರಿನ ಆರಂಭದ ದಿನಗಳಲ್ಲಿ ಇಂಥ ತೊಂದರೆ ಇರಲಿಲ್ಲ ಎಂಬುದೇ ಈ ಕಥೆಯ ಸ್ವಾರಸ್ಯ.

1976ರಲ್ಲಿ ಅಮೆರಿಕದ ರೇ ಕರ್ಜ್‌ವೀಲ್ ಮುದ್ರಿತ ಪುಟವನ್ನು ಓದಿ ಹೇಳುವ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಅದನ್ನು ಮೊದಮೊದಲು ಕೊಂಡವರಲ್ಲಿ ಗಾಯಕ ಸ್ಟೀವೀ ವಂಡರ್ ಒಬ್ಬರು. 1984ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ‘ಡೆಕ್‌ಟಾಕ್’ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿದ್ದದ್ದು ಎಂಐಟಿಯ ಡೆನ್ನಿಸ್ ಕ್ಲಾಟ್ ಅವರ ಸಂಶೋಧನೆ. ಧ್ವನಿವಿಜ್ಞಾನ ಓದಿದವರಿಗೆ ಅವರ ಹೆಸರು ಚೆನ್ನಾಗಿ ಗೊತ್ತು. ಡೆಕ್‌ಟಾಕ್‌ನ ‘ಪಾಲ್’ ಎಂಬ ಗಂಡು ಧ್ವನಿಗೆ ಅವರು ತಮ್ಮ ದನಿಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರು. ಸ್ಟೀಫನ್ ಹಾಕಿಂಗ್ ಅವರದೆಂದು ನಾವೆಲ್ಲ ಗುರುತಿಸುವ ಯಾಂತ್ರಿಕ ದನಿಯ ಮೂಲವೂ ಕ್ಲಾಟ್ ಅವರ ಕೆಲಸವೇ.

ಇತ್ತ ಐಬಿಎಂನಲ್ಲಿ ಗಣಿತಜ್ಞ ಜಿಮ್ ಥ್ಯಾಚರ್ ಮತ್ತು ಅವರ ಸಹೋದ್ಯೋಗಿಗಳು ಪರದೆಯ ಮೇಲಿನ ಅಕ್ಷರಗಳನ್ನು ಇಂಥ ಪೆಟ್ಟಿಗೆಗಳಿಗೆ ಕಳಿಸುವ ತಂತ್ರಾಂಶ ರೂಪಿಸಿದರು. 1980ರ ದಶಕದ ನಡುವಿನಲ್ಲಿ ಬಂದ ಅದರ ಹೆಸರೇ ‘ಸ್ಕ್ರೀನ್ ರೀಡರ್’. ಒಂದು ಉತ್ಪನ್ನದ ಹೆಸರು ಮುಂದೆ ಇಡೀ ಜಾತಿಯ ಹೆಸರಾಯಿತು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡಿದ್ದ ಟೆಡ್ ಹೆಂಟರ್ ಎಂಬ ಮಾಜಿ ಮೋಟರ್‌ಸೈಕಲ್ ರೇಸರ್ 1987ರಲ್ಲಿ ಬಿಲ್ ಜಾಯ್ಸ್ ಜೊತೆ ಕಂಪನಿ ಕಟ್ಟಿದರು. ಅಲ್ಲಿಂದ ಬಂದದ್ದು ಇಂದಿಗೂ ಚಾಲ್ತಿಯಲ್ಲಿರುವ ‘ಜಾಸ್’.

ಆ ಕಾಲದ ಏರ್ಪಾಟು ಹೀಗಿತ್ತು: ಕಂಪ್ಯೂಟರಿನಿಂದ ಸೀರಿಯಲ್ ಕೇಬಲ್ ಮೂಲಕ ಅಕ್ಷರಗಳು ಪೆಟ್ಟಿಗೆಗೆ ಹೋಗುತ್ತಿದ್ದವು. ಅವನ್ನು ಮಾತಾಗಿಸುವುದು, ಹೊರಡಿಸುವುದು ಎರಡೂ ಆ ಪೆಟ್ಟಿಗೆಯದೇ ಕೆಲಸ. ಕೀ ಒತ್ತಿದರೆ ಮಾತು, ಮತ್ತೊಂದು ಕೀ ಒತ್ತಿದರೆ ಹಳೆಯ ಮಾತು ನಿಂತು ಹೊಸದು ಶುರು. ದನಿ ರೋಬಾಟಿನದು, ಬೆಲೆ ವಿಪರೀತ, ಆದರೆ ಉತ್ತರ ಚುರುಕು.

1990ರ ದಶಕದಲ್ಲಿ ಸೌಂಡ್ ಕಾರ್ಡ್ ಮನೆಮಾತಾಯಿತು. ಮಾತು ಹುಟ್ಟಿಸುವ ಕೆಲಸ ಪೆಟ್ಟಿಗೆಯಿಂದ ತಂತ್ರಾಂಶಕ್ಕೆ ವರ್ಗವಾಯಿತು. ಖರ್ಚು ಇಳಿಯಿತು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ಯುವಕ ‘ಎನ್‌ವಿಡಿಎ’ ಬರೆಯಲು ಶುರುಮಾಡಿದರು. ಅವರಂತೆಯೇ ದೃಷ್ಟಿಹೀನರಾದ ಜೇಮ್ಸ್ ಟೆ ಜೊತೆಗೂಡಿದರು. ಅದು ಉಚಿತ, ಮೂಲಸಂಕೇತವೂ ಮುಕ್ತ. ಅದರ ಜೊತೆಗೇ ಬರುವ ‘ಇಸ್ಪೀಕ್’ ಎಂಬ ಪುಟ್ಟ ಧ್ವನಿತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಉಚ್ಚಾರ ನಮ್ಮ ಕಿವಿಗೆ ಒರಟು. ಆದರೆ ವೇಗ ಎಷ್ಟು ಏರಿಸಿದರೂ ಅಕ್ಷರಗಳು ಕಲಸಿಹೋಗುವುದು ಕಡಿಮೆ. ನಾವು ಮಾತಾಡುವ ವೇಗದ ಎರಡು ಮೂರು ಪಟ್ಟಿನಲ್ಲಿ ಕೇಳುವ ಪಳಗಿದ ಬಳಕೆದಾರರಿಗೆ ಇಂಪಿಗಿಂತ ಅದೇ ಮುಖ್ಯ.

ಇಷ್ಟರಲ್ಲಿ ತಂತಿ ಮಾಯವಾಗತೊಡಗಿತು. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಶುರುವಾದ ಕೆಲಸ, ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್‌ನ ಹೆಸರು ಹೊತ್ತು ಮನೆಮನೆಗೆ ಬಂತು. ಸ್ಪೀಕರುಗಳಿಗೆ ಅದು ಧ್ವನಿ ಸಾಗಿಸುವ ಕ್ರಮವನ್ನು ರೂಪಿಸಿದ್ದು ಸಂಗೀತಕ್ಕಾಗಿ. ಮೊದಲು ಧ್ವನಿಯನ್ನು ಕುಗ್ಗಿಸಿ, ಕಂತುಗಳಲ್ಲಿ ಕಳಿಸಿ, ಆ ಕಡೆ ಸ್ವಲ್ಪ ಕೂಡಿಟ್ಟುಕೊಂಡು, ಬಿಚ್ಚಿ ನುಡಿಸಬೇಕು. ಇದಕ್ಕೆ ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಡು ಕೇಳುವವರಿಗೆ ಅದು ಗೊತ್ತೇ ಆಗದು. ಸಿನಿಮಾ ನೋಡುವಾಗ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡಮಾಡಿ ತುಟಿಗೂ ಮಾತಿಗೂ ಹೊಂದಿಸಿಬಿಡಬಲ್ಲದು. ಸ್ಕ್ರೀನ್ ರೀಡರ್‌ಗೆ ಆ ಉಪಾಯ ನಡೆಯದು. ಅದರ ಮಾತು ಬೆರಳಿಗೆ ಕೊಡುವ ಉತ್ತರ. ಬೆರಳನ್ನು ತಡಮಾಡುವುದು ಹೇಗೆ? ಜನ ಪರಸ್ಪರ ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವೇ ಸುಮಾರು 200 ಮಿಲಿಸೆಕೆಂಡ್. ಪ್ರತಿ ಕೀಗೂ ಅಷ್ಟು ಕಾಯುವುದೆಂದರೆ, ಪ್ರತಿ ಅಕ್ಷರಕ್ಕೂ ಎದುರಿನವರ ಮುಖ ನೋಡುತ್ತ ಕೂತಂತೆ.

ಎರಡನೆಯ ತೊಡಕು ಮೊದಲಕ್ಷರದ್ದು. ಬ್ಯಾಟರಿ ಉಳಿಸಲು ಅನೇಕ ವೈರ್‌ಲೆಸ್ ಸ್ಪೀಕರುಗಳು ಮೌನ ಕಂಡೊಡನೆ ನಿದ್ದೆಗೆ ಜಾರುತ್ತವೆ. ಮಾತು ಬಂದಾಗ ಎಚ್ಚರಗೊಳ್ಳುವಷ್ಟರಲ್ಲಿ ಅದರ ತಲೆ ಹೋಗಿರುತ್ತದೆ. ಹಾಡಿನ ಮೊದಲ ತುಣುಕು ಹೋದರೆ ಯಾರಿಗೂ ನಷ್ಟವಿಲ್ಲ. ಸ್ಕ್ರೀನ್ ರೀಡರ್‌ನ ಮಾತೋ, ಒಂದೆರಡು ಪದ, ಆಮೇಲೆ ಮೌನ. ಇಂಗ್ಲಿಷಿನ ‘ಅನ್‌ಮ್ಯೂಟ್’ ತಲೆ ಕಳೆದುಕೊಂಡರೆ ‘ಮ್ಯೂಟ್’ ಆಗುತ್ತದೆ, ಅರ್ಥ ತಿರುವುಮುರುವು. ಕನ್ನಡದ ನಿಷೇಧ ಸಾಮಾನ್ಯವಾಗಿ ಬಾಲದಲ್ಲಿರುವುದರಿಂದ (‘ಆಯ್ಕೆಯಾಗಿದೆ’, ‘ಆಯ್ಕೆಯಾಗಿಲ್ಲ’) ನಾವು ಆ ಅಪಾಯದಿಂದ ಬಹುಮಟ್ಟಿಗೆ ಪಾರು. ‘ಅಳಿಸು’, ‘ಉಳಿಸು’ ಮಾತ್ರ ನಮ್ಮನ್ನು ಸಿಕ್ಕಿಸಿಹಾಕುತ್ತವೆ.

ಮೂರನೆಯದು ಇನ್ನೂ ಗಂಭೀರ. ಸ್ಪೀಕರ್ ಕೈಕೊಟ್ಟರೆ ಅಥವಾ ಮನೆಯ ಇನ್ನೊಬ್ಬರ ಫೋನಿಗೆ ಅಂಟಿಕೊಂಡರೆ ದೃಷ್ಟಿಯಿರುವವರಿಗೆ ಹಾಡು ನಿಲ್ಲುತ್ತದೆ ಅಷ್ಟೆ. ದೃಷ್ಟಿಹೀನರಿಗೆ ಪರದೆಯೇ ಕಪ್ಪಾದಂತೆ. ಮತ್ತೆ ಜೋಡಿಸುವ ಮೆನು ಇರುವುದೂ ಆ ಕಪ್ಪು ಪರದೆಯೊಳಗೇ.

ಪರಿಹಾರ ಮೊದಲು ಬಂದದ್ದು ಬಳಕೆದಾರರಿಂದ. ಕೇಳಿಸದಷ್ಟು ಸಣ್ಣ ಸದ್ದನ್ನು ಸದಾ ಹರಿಸುತ್ತಾ ಸ್ಪೀಕರ್ ನಿದ್ದೆಹೋಗದಂತೆ ನೋಡಿಕೊಳ್ಳುವ ಉಪಾಯ ಅದು. 2024ರಲ್ಲಿ ಎನ್‌ವಿಡಿಎ ತಾನೇ ಇದನ್ನು ಅಳವಡಿಸಿಕೊಂಡಿತು: ಮಾತು ಮುಗಿದ ಮೇಲೂ ಧ್ವನಿ ಸಾಧನವನ್ನು ಇಂತಿಷ್ಟು ಹೊತ್ತು ಎಚ್ಚರವಾಗಿಡುವ ಆಯ್ಕೆ ಈಗ ಅದರಲ್ಲೇ ಇದೆ. ತಡವನ್ನು ತಗ್ಗಿಸಬಲ್ಲ ‘ಎಲ್‌ಇ ಆಡಿಯೊ’ ಎಂಬ ಹೊಸ ಬ್ಲೂಟೂತ್ ಕ್ರಮವನ್ನು 2020ರಲ್ಲಿ ಪ್ರಕಟಿಸಲಾಯಿತು. ಆದರೆ ಕಂಪ್ಯೂಟರೂ ಸ್ಪೀಕರೂ ಎರಡೂ ಅದನ್ನು ಬಲ್ಲವಾಗಿರಬೇಕು. ಅಲ್ಲಿಯವರೆಗೆ, ಇನ್ನೂರು ಮುನ್ನೂರು ರೂಪಾಯಿಯ ತಂತಿಯ ಇಯರ್‌ಫೋನ್ ಈ ಕೆಲಸದಲ್ಲಿ ದುಬಾರಿ ಸ್ಪೀಕರನ್ನು ಸೋಲಿಸುತ್ತಲೇ ಇರುತ್ತದೆ.

ನಲವತ್ತು ವರ್ಷಗಳಲ್ಲಿ ಯಂತ್ರದ ದನಿ ಇಂಪಾಯಿತು, ಅಗ್ಗವಾಯಿತು, ಕನ್ನಡವನ್ನೂ ಕಲಿಯಿತು. ಆದರೆ ಆ ದನಿ ಸಾಗುವ ಹಾದಿಯನ್ನು ಹಾಕಿದವರ ಮನಸ್ಸಿನಲ್ಲಿ ಇದ್ದದ್ದು ಹಾಡು ಕೇಳುವವರು. ಅದನ್ನು ನಂಬಿ ಕೆಲಸ ಮಾಡುವವರನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡದ್ದು ತಡವಾಗಿ. ಅನುವಾದಕರ ಪಾಲಿನದೂ ಒಂದಿಷ್ಟು ಕೆಲಸವಿದೆ. ಗುಂಡಿಯ ಮೇಲಿನ ಪದ ಕಣ್ಣಿಗೆ ಸರಿಕಂಡರೆ ಸಾಲದು, ಅದನ್ನು ಒಮ್ಮೆ ಜೋರಾಗಿ ಹೇಳಿ, ಮೊದಲಕ್ಷರ ಬಿಟ್ಟು ಮತ್ತೆ ಹೇಳಿ ನೋಡಬೇಕು. ‘ಅಳಿಸು’ ಎನ್ನುವ ಕಡೆ ‘ತೆಗೆದುಹಾಕು’ ಎಂದು ಬರೆದರೆ ಪರದೆಯ ಮೇಲೆ ಒಂದಿಷ್ಟು ಹೆಚ್ಚು ಜಾಗ ಹೋಗಬಹುದು. ಯಾರದೋ ಒಂದು ದಿನದ ಕೆಲಸ ಉಳಿಯುತ್ತದೆ.