ಚೌಕಟ್ಟಿನೊಳಗಿನ ಅಂಗಣ

ಮಂಚಿಕೇರಿಯ ನನ್ನ ಸೋದರಮಾವನಿಗೆ ಕಾಲ್ಚೆಂಡಾಟದ ಹುಚ್ಚು. ಈಚೆಗೆ ಅವನಿಗೊಂದು ಉದ್ದನೆಯ ಚಿತ್ರಪಟವನ್ನು ಚೌಕಟ್ಟು ಹಾಕಿಸಿ ಕೊಟ್ಟೆ. ರಿಯಾದಿನ ಕಿಂಗ್ ಫಹದ್ ಕ್ರೀಡಾಂಗಣ, ಈ ತುದಿಯಿಂದ ಆ ತುದಿಯವರೆಗೆ! 2023ರ ಮಾರ್ಚ್ 4ರಂದು ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದದ್ದು ಅಲ್ಲಿಯೇ.

ಇಂಥ ಚಿತ್ರಗಳ ವಂಶ ಹಳೆಯದು. 1904ರಲ್ಲಿ ಅಮೆರಿಕದಲ್ಲಿ ಪೇಟೆಂಟಾದ ಸರ್ಕಟ್ ಕ್ಯಾಮರಾ ಮುಕ್ಕಾಲಿಯ ಮೇಲೆ ಮೆಲ್ಲಗೆ ತಿರುಗುತ್ತ, ಒಳಗಿನ ಫಿಲ್ಮನ್ನೂ ಸರಿಸುತ್ತ, ಇಡೀ ನೋಟವನ್ನು ಸೆರೆಹಿಡಿಯುತ್ತಿತ್ತು. ಸಾಲಿನ ಒಂದು ತುದಿಯಲ್ಲಿ ನಿಂತ ತುಂಟ ಹುಡುಗ ಹಿಂದಿನಿಂದ ಓಡಿ ಇನ್ನೊಂದು ತುದಿ ಸೇರಿದರೆ, ಒಂದೇ ಚಿತ್ರದಲ್ಲಿ ಎರಡು ಸಲ ಮೂಡುತ್ತಿದ್ದ!

ಮಾವ ಪಟವನ್ನು ಜಗಲಿಯ ಗೋಡೆಗೆ ತೂಗುಹಾಕಿ, ಬಹಳ ಹೊತ್ತು ನೋಡಿ ಕೇಳಿದ: "ಎಲ್ಲಾ ಚೊಲೋ ಇದ್ದು ತಮಾ, ಆಟ ಎಲ್ಲಿದ್ದು?"

ನನಗೆ 1948ರ ಲಂಡನ್ ಒಲಿಂಪಿಕ್ಸ್ ನೆನಪಿಗೆ ಬಂತು. ಆ ಜುಲೈ 31ರಂದು ಇಲ್ಫರ್ಡಿನ ಸಣ್ಣ ಮೈದಾನದಲ್ಲಿ ಫ್ರಾನ್ಸಿಗೆ 1-2ರಿಂದ ಸೋತ ಭಾರತೀಯರಲ್ಲಿ ಬಹುಮಂದಿ ಬರಿಗಾಲಿನವರು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊದಲ ಗೋಲನ್ನು ಅಂದು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮ ಎಷ್ಟು ಜಗಲಿಗಳಲ್ಲಿ ಅವರ ಪಟವಿದೆ?

ಅಂಗಣಕ್ಕೆ ಚೌಕಟ್ಟು ಹಾಕಿಸುವುದು ಸುಲಭ. ಆ ಬರಿಗಾಲುಗಳ ಕಥೆಯನ್ನು ಮಾತ್ರ ನಾವೇ ಹೇಳುತ್ತಿರಬೇಕು.