ದೆವ್ವವಾದ ಗೆಳೆಯರು

‘ದನೂರ್’ ಎಂದರೆ ಹೆಣ ಕೊಳೆತು ಒಸರುವ ನೀರು. 2017ರಲ್ಲಿ ಆವಿ ಸೂರ್ಯಾದಿ ನಿರ್ದೇಶಿಸಿದ ಇಂಡೊನೇಷ್ಯದ ಚಿತ್ರಕ್ಕೆ ಅದೇ ಹೆಸರು. ಎಂಥ ಹೆಸರಪ್ಪಾ! ರಿಸಾ ಸರಸ್ವತಿ ತನ್ನದೇ ಅನುಭವವೆಂದು ಬರೆದ ಪುಸ್ತಕ ಅದಕ್ಕೆ ಆಧಾರ. ಒಂಟಿ ಹುಡುಗಿ ರಿಸಾಳ ಜೊತೆ ಆಡಲು ಬರುವವರು ಪೀಟರ್, ವಿಲಿಯಂ, ಯಾನ್ಸೆನ್. ಎಂದೋ ಸತ್ತ ಡಚ್ ಹುಡುಗರು.

ದೆವ್ವ ಸುಳ್ಳಿರಬಹುದು, ಸಾವು ಸುಳ್ಳಲ್ಲ. 1942ರ ಮಾರ್ಚ್‌ನಲ್ಲಿ ಜಾವಾ ಜಪಾನಿನ ವಶವಾಯಿತು. ಅಲ್ಲಿಯವರೆಗೆ ಆಳಿದ ಡಚ್ಚರ ಹೆಂಗಸರು, ಮಕ್ಕಳು ಶಿಬಿರಗಳಲ್ಲಿ ಸೆರೆಯಾದರು. ಹಸಿವು, ಕಾಯಿಲೆಗಳಿಂದ ಎಷ್ಟೋ ಮಂದಿ ಸತ್ತರು. ಆಳಿದವರ ಮಕ್ಕಳೆಂದು ದೂರವಿಡದೆ ಆ ನೆಲದ ಹುಡುಗಿ ಅವರೊಡನೆ ಆಡುತ್ತಾಳಲ್ಲ, ನನ್ನ ಹೆದರಿಕೆ ಅಲ್ಲೇ ಇಳಿಯಿತು.

ಮಗುವನ್ನು ಕದಿಯುವ ಹೆಣ್ಣುದೆವ್ವ ಅಸಿಹ್ ಮೇಲೆ ಮಾತ್ರ ಅಷ್ಟು ಕರುಣೆಯಿಲ್ಲ. ಮದುವೆಯಿಲ್ಲದೆ ಬಸಿರಾಗಿ ಮನೆಯವರಿಗೇ ಬೇಡವಾದವಳು ಅವಳು. ಅದನ್ನು ಹೇಳಲು 2018ರಲ್ಲಿ ಬೇರೆಯೇ ಚಿತ್ರ ಬೇಕಾಯಿತು.